ಕಾರು ಮನೆಯೋ, ಬೀದಿಯೋ?

ಅಮೆರಿಕದಲ್ಲಿ ಗನ್ ವಿಷಯ ಬಂತೂಂದ್ರೆ ಸಾಕು, ಎರಡೇ ನಿಮಿಷದಲ್ಲಿ 'ಇರಬೇಕು', 'ಇರಬಾರದು' ಅಂತ ಎರಡು ಪಂಗಡ ಆಗಿಬಿಡುತ್ತೆ. ಆ ಜಗಳ ಇವತ್ತು ನನಗೆ ಬೇಡ. ನಾನು ಬರೀಬೇಕು ಅಂತಿರೋದು ಅದಕ್ಕಿಂತ ಸಣ್ಣ ವಿಷಯ, ಆದ್ರೆ ಇಲ್ಲಿರೋ ನಮ್ಮವರ ಕೊರಳಿಗೆ ಹೆಚ್ಚು ಹತ್ತಿರ ಇರೋದು: ಗುಂಡು ತುಂಬಿದ ಪಿಸ್ತೂಲನ್ನ ಕಾರಲ್ಲಿ ಇಟ್ಕೊಂಡು ಓಡಾಡೋದು. ಗ್ಲವ್ ಬಾಕ್ಸಲ್ಲೋ, ಸೀಟಿನ ಕೆಳಗೋ, ಮಧ್ಯದ ಕನ್ಸೋಲ್‌ನಲ್ಲೋ. ನಾನೇನು ವಕೀಲ ಅಲ್ಲ, ಆದ್ರೆ ಇಪ್ಪತ್ತು ವರ್ಷ ಈ ದೇಶದ ಹೈವೇಗಳಲ್ಲಿ ಕಾರು ಓಡಿಸಿದೀನಿ, ಓದೋ ಚಟಾನೂ ಇದೆ.

ಈ ದೇಶದ ಕಾನೂನುಗಳನ್ನ ಓದ್ತಾ ಹೋದ್ರೆ ಒಂದು ತಮಾಷೆ ಕಾಣುತ್ತೆ. ಮೇಲ್ನೋಟಕ್ಕೆ ಎಲ್ಲಾ ರಾಜ್ಯಗಳೂ ಗನ್ ಬಗ್ಗೆ ಮಾತಾಡ್ತಿವೆ ಅನ್ಸುತ್ತೆ, ಆದ್ರೆ ಅವು ನಿಜವಾಗಿ ಜಗಳ ಆಡ್ತಿರೋದು ಕಾರಿನ ಬಗ್ಗೆ. ಕಾರು ಅನ್ನೋದು ಮನೆಯೋ, ಬೀದಿಯೋ? ಮನೆ ಅಂದ್ಕೊಂಡ ರಾಜ್ಯದಲ್ಲಿ ಗುಂಡು ತುಂಬಿದ ಪಿಸ್ತೂಲು ಇಟ್ಕೊಳ್ಳೋದು ನಿಮ್ಮ ಹಕ್ಕು. ಬೀದಿ ಅಂದ್ಕೊಂಡ ರಾಜ್ಯದಲ್ಲಿ ಅದೇ ಪಿಸ್ತೂಲಿಗೆ ವರ್ಷಗಟ್ಟಲೆ ಜೈಲು. ನಡುವೆ ಇರೋದು ಒಂದು 'ವೆಲ್ಕಮ್' ಬೋರ್ಡ್ ಅಷ್ಟೇ, ಅದರಲ್ಲಿ ಹೂವಿನ ಚಿತ್ರಾನೋ ಹಕ್ಕಿ ಚಿತ್ರಾನೋ ಇರುತ್ತೆ, ಗನ್ ಬಗ್ಗೆ ಒಂದಕ್ಷರ ಇರೋದಿಲ್ಲ.

ಟೆಕ್ಸಸ್ ನೋಡಿ. ಅವರಿಗೆ ಕಾರು ಅಂದ್ರೆ ಚಕ್ರ ಇರೋ ಮನೆ. ಮೊದಲಿಂದಲೂ ಹೀಗೇ ಅಂತ ಬಹಳ ಜನ ನಂಬಿದಾರೆ, ಆದ್ರೆ ಅದು ನಿಜ ಅಲ್ಲ. ಹತ್ತೊಂಬತ್ತನೇ ಶತಮಾನದಿಂದಲೂ ಅಲ್ಲಿ ಹ್ಯಾಂಡ್‌ಗನ್ ಹೊತ್ಕೊಂಡು ಓಡಾಡೋದಕ್ಕೆ ನಿಷೇಧ ಇತ್ತು, 'ಪ್ರಯಾಣಿಕ'ನಿಗೆ ಮಾತ್ರ ವಿನಾಯಿತಿ. ಪ್ರಯಾಣಿಕ ಅಂದ್ರೆ ಯಾರು? ಅದನ್ನ ಕಾನೂನು ಹೇಳ್ಲೇ ಇಲ್ಲ! ಎಷ್ಟು ದೂರ ಹೋಗಬೇಕು, ಕೌಂಟಿ ದಾಟಬೇಕಾ, ರಾತ್ರಿ ಹೊರಗೆ ತಂಗಬೇಕಾ, ಒಬ್ಬೊಬ್ಬ ಜಡ್ಜ್‌ಗೆ ಒಂದೊಂದು ಅರ್ಥ. 2005ರಲ್ಲಿ 'ಕಾರಲ್ಲಿ ಹೋಗ್ತಿರೋನು ಪ್ರಯಾಣಿಕ ಅಂತಲೇ ಭಾವಿಸಿ' ಅಂತ ತಿದ್ದುಪಡಿ ತಂದ್ರು, ಕೆಲವು ಪ್ರಾಸಿಕ್ಯೂಟರ್‌ಗಳು ಅದಕ್ಕೂ ಜಗ್ಗಲಿಲ್ಲ. ಕೊನೆಗೆ 2007ರಲ್ಲಿ ಮೋಟರಿಸ್ಟ್ ಪ್ರೊಟೆಕ್ಷನ್ ಆಕ್ಟ್ ಬಂದು, ಲೈಸೆನ್ಸ್ ಇಲ್ಲದಿದ್ರೂ ನಿಮ್ಮ ಕಾರಲ್ಲಿ ಹೊರಗೆ ಕಾಣದ ಹಾಗೆ ಹ್ಯಾಂಡ್‌ಗನ್ ಇಟ್ಕೋಬಹುದು ಅಂತಾಯ್ತು. 2021ರ ಸೆಪ್ಟೆಂಬರ್ 1ರಿಂದ ಕಾನೂನಿನ ಅಡ್ಡಿ ಇಲ್ಲದವರು ಲೈಸೆನ್ಸ್ ಇಲ್ಲದೇ ಬೀದೀಲೂ ಇಟ್ಕೊಂಡು ಓಡಾಡಬಹುದು. ಕಾರಲ್ಲಿ ಎದುರಿಗೆ ಕಾಣೋ ಹಾಗಿದ್ರೆ ಹೋಲ್‌ಸ್ಟರ್‌ನಲ್ಲಿರಬೇಕು, ಅಷ್ಟೇ. ಹೀಗೆ ಪರ್ಮಿಟ್ ಕೇಳದ ರಾಜ್ಯಗಳು 2024ರ ಹೊತ್ತಿಗೆ 29 ಆದವು.

ಇನ್ನು ಕ್ಯಾಲಿಫೋರ್ನಿಯಾ. ಅಲ್ಲಿ ಪರ್ಮಿಟ್ ಇಲ್ಲದವನ ಕಾರು ಪಕ್ಕಾ ಬೀದಿ. ಗುಂಡು ತೆಗೆದು, ಡಿಕ್ಕಿಯಲ್ಲೋ ಬೀಗ ಹಾಕಿದ ಡಬ್ಬದಲ್ಲೋ ಇಡಬೇಕು. ಗ್ಲವ್ ಬಾಕ್ಸಿಗೆ ಬೀಗ ಹಾಕಿದ್ರೂ ಅದು ಡಬ್ಬ ಅಲ್ಲ ಅಂತ ಕಾನೂನೇ ಬಿಡಿಸಿ ಹೇಳಿದೆ. ಇದು ಯಾವಾಗ ಶುರುವಾಯ್ತು ಗೊತ್ತೇ? 1967ರಲ್ಲಿ. ಓಕ್‌ಲ್ಯಾಂಡ್‌ನ ಬ್ಲ್ಯಾಕ್ ಪ್ಯಾಂಥರ್‌ಗಳು ಗುಂಡು ತುಂಬಿದ ಗನ್‌ಗಳನ್ನೂ ಕಾನೂನು ಪುಸ್ತಕಗಳನ್ನೂ ಕಾರಲ್ಲಿಟ್ಕೊಂಡು, ಕರಿಯರನ್ನ ತಡೆಯೋ ಪೋಲೀಸ್ ಕಾರುಗಳ ಹಿಂದೆ ಹೋಗಿ ದೂರ ನಿಂತು ನೋಡ್ತಿದ್ರು. ಆಗ ಅದು ಕಾನೂನುಬದ್ಧ! ಅದನ್ನ ನಿಲ್ಲಿಸೋದಕ್ಕೇ ಅಂತ ಡಾನ್ ಮಲ್ಫರ್ಡ್ ಅನ್ನೋ ರಿಪಬ್ಲಿಕನ್ ಶಾಸಕ ಮಸೂದೆ ತಂದ, ಪ್ಯಾಂಥರ್‌ಗಳು ಮೇ 2ರಂದು ಗನ್ ಹಿಡ್ಕೊಂಡೇ ಸ್ಯಾಕ್ರಮೆಂಟೋದ ಶಾಸನಸಭೆಗೆ ನುಗ್ಗಿದ್ರು, ಗವರ್ನರ್ ಆಗಿದ್ದ ರೊನಾಲ್ಡ್ ರೇಗನ್ ಆ ವರ್ಷವೇ ಸಹಿ ಹಾಕಿದ್ರು. ಹೌದು, ಅದೇ ರೇಗನ್ನು. ಗನ್ ಹಕ್ಕಿನ ಭಕ್ತರು ಈ ಕಥೆ ಬಂದಾಗ ಸ್ವಲ್ಪ ಕೆಮ್ಮಿ ವಿಷಯ ಬದಲಾಯಿಸ್ತಾರೆ.

ಸರಿ, 'ಲೋಡೆಡ್' ಅಂದ್ರೇನು ಅಂತಾದ್ರೂ ಎಲ್ಲರಿಗೂ ಒಂದೇ ಅರ್ಥ ಇದ್ಯಾ ಅಂದ್ರೆ ಅದೂ ಇಲ್ಲ. ಯೂಟಾದ ಕಾನೂನಿನಲ್ಲಿ ಮ್ಯಾಗಝೀನ್ ತುಂಬಿದ್ರೂ ಗುಂಡು ಹಾರೋ ಜಾಗದಲ್ಲಿ ಗುಂಡಿಲ್ಲದಿದ್ರೆ, ಹಾರಿಸೋದಕ್ಕೆ ಕೈಯಲ್ಲಿ ಎರಡು ಕೆಲಸ ಮಾಡಬೇಕಾದ್ರೆ, ಅದು ಲೋಡ್ ಆಗಿಲ್ಲ ಅಂತಲೇ ಲೆಕ್ಕ. ನ್ಯೂಯಾರ್ಕ್‌ನಲ್ಲಿ ಖಾಲಿ ಪಿಸ್ತೂಲು ಒಂದು ಕಡೆ, ಅದಕ್ಕೆ ಹೊಂದೋ ಗುಂಡುಗಳು ಅದೇ ಮನುಷ್ಯನ ಬ್ಯಾಗಲ್ಲಿ ಇನ್ನೊಂದು ಕಡೆ ಇದ್ರೂ ಕಾನೂನಿನ ಕಣ್ಣಿಗೆ ಅದು ಲೋಡೆಡ್. ಅಂದ್ರೆ ಯೂಟಾದಲ್ಲಿ ತುಂಬಿರೋದು ಖಾಲಿ, ನ್ಯೂಯಾರ್ಕ್‌ನಲ್ಲಿ ಖಾಲಿ ಇರೋದು ತುಂಬಿದ್ದು. ಅಲ್ಲಮನ ಬೆಡಗು ಇದ್ದ ಹಾಗಿದೆ!

ಇದೆಲ್ಲಾ ನಮಗ್ಯಾಕೆ ಅಂತೀರಾ? ಹೇಳ್ತೀನಿ.

ನನಗೆ ಪರಿಚಯದ ಒಬ್ಬರು, ಮಂಡ್ಯ ಕಡೆಯವರು, ಡಲ್ಲಾಸ್‌ನಲ್ಲಿ ಹನ್ನೊಂದು ವರ್ಷ ಇದ್ದು ನ್ಯೂಜೆರ್ಸಿಗೆ ಕೆಲಸ ಬದಲಾಯಿಸಿದ್ರು. ಗ್ರೀನ್ ಕಾರ್ಡ್ ಇದೆ. ಅಲ್ಲಿದ್ದಾಗ ಪಕ್ಕದ ಮನೆಯವರು ಹೇಳಿದ್ರು ಅಂತ ಒಂದು 9 ಎಂಎಂ ಪಿಸ್ತೂಲು ತಗೊಂಡಿದ್ರು. ಸಾಮಾನೆಲ್ಲಾ ಟ್ರಕ್ಕಲ್ಲಿ ಕಳಿಸಿ, ತಾವು ಹೆಂಡತಿ ಮಗುವಿನ ಜೊತೆ ಕಾರಲ್ಲಿ ಬರೋದು ಅಂತ ಪ್ಲಾನ್. ಫೋನಲ್ಲಿ ಮೋಟೆಲ್ ಬಗ್ಗೆ, ಇಡ್ಲಿ ಹಿಟ್ಟು ಐಸ್ ಬಾಕ್ಸಲ್ಲಿ ಎಷ್ಟು ಹೊತ್ತು ಇರುತ್ತೆ ಅನ್ನೋದರ ಬಗ್ಗೆ ಎಲ್ಲಾ ಮಾತಾಡಿ ಕೊನೇಲಿ 'ಸಾರ್, ಅದೊಂದು ಗ್ಲವ್ ಬಾಕ್ಸಲ್ಲಿದೆ, ಹಾಗೇ ಇರಲಿ ಅಲ್ವಾ, ದಾರೀಲಿ ಸೇಫ್ಟಿಗೆ' ಅಂದ್ರು.

ದಾರಿ ಅಂದ್ರೆ ಟೆಕ್ಸಸ್, ಆರ್ಕನ್ಸಾ, ಟೆನೆಸೀ, ವರ್ಜೀನಿಯಾ, ವೆಸ್ಟ್ ವರ್ಜೀನಿಯಾ, ಮೇರಿಲ್ಯಾಂಡ್, ಪೆನ್ಸಿಲ್ವೇನಿಯಾ, ಆಮೇಲೆ ನ್ಯೂಜೆರ್ಸಿ. ಸುಮಾರು 1,500 ಮೈಲಿ, ಎಂಟು ರಾಜ್ಯ. ಮೊದಲ ಮೂರರಲ್ಲಿ ತೊಂದರೆ ಇಲ್ಲ. ವರ್ಜೀನಿಯಾದಲ್ಲಿ ಮುಚ್ಚಿದ ಡಬ್ಬದಲ್ಲೋ ಗ್ಲವ್ ಬಾಕ್ಸಲ್ಲೋ ಇದ್ರೆ ಸರಿ. ಆಮೇಲೆ ಇಂಟರ್‌ಸ್ಟೇಟ್ 81 ಮೇರಿಲ್ಯಾಂಡನ್ನ ಬರೀ 12 ಮೈಲಿ ಮುಟ್ಟಿ ಹೋಗುತ್ತೆ, ಕಾಫಿ ಕುಡಿಯೋಕೆ ನಿಲ್ಲಿಸದಿದ್ರೆ ಹತ್ತು ಹನ್ನೆರಡು ನಿಮಿಷದ ದಾರಿ. ಆ ಹನ್ನೆರಡು ಮೈಲೀಲಿ ಪರ್ಮಿಟ್ ಇಲ್ಲದೇ ಕಾರಲ್ಲಿ ಹಾಗೆ ಹ್ಯಾಂಡ್‌ಗನ್ ಇಟ್ಕೊಂಡಿರೋದು ಅಪರಾಧ. ಪೆನ್ಸಿಲ್ವೇನಿಯಾದಲ್ಲೂ ಕಾರಲ್ಲಿಡೋದಕ್ಕೆ ಲೈಸೆನ್ಸ್ ಬೇಕು. ನ್ಯೂಜೆರ್ಸಿ ಅಂತೂ ಬೇರೆ ಯಾವ ರಾಜ್ಯದ ಪರ್ಮಿಟ್ಟನ್ನೂ ಮೂಸಿ ನೋಡೋದಿಲ್ಲ.

ಮೂಸಿ ನೋಡೋದಿಲ್ಲ ಅಂದ್ರೆ ಏನಾಗುತ್ತೆ ಅನ್ನೋದಕ್ಕೆ 2013ರ ಅಕ್ಟೋಬರ್‌ನಲ್ಲಿ ಆದ ಒಂದು ಕೇಸು ಸಾಕು. ಫಿಲಡೆಲ್ಫಿಯಾದ ಒಬ್ಬ ಹೆಣ್ಣುಮಗಳು, ಎರಡು ಮಕ್ಕಳ ತಾಯಿ, ಪೆನ್ಸಿಲ್ವೇನಿಯಾದ ಪರ್ಮಿಟ್ ಇತ್ತು. ಅಟ್ಲಾಂಟಿಕ್ ಸಿಟಿ ಎಕ್ಸ್‌ಪ್ರೆಸ್‌ವೇನಲ್ಲಿ ಲೇನ್ ಬದಲಾಯಿಸಿದ್ದು ಸರಿ ಇಲ್ಲ ಅಂತ ಪೋಲೀಸ್ ನಿಲ್ಲಿಸ್ದ. ಆಕೆ ತಾನಾಗೇ 'ನನ್ನ ಹತ್ರ ಗನ್ ಇದೆ, ಇಗೋ ಪರ್ಮಿಟ್' ಅಂತ ಹೇಳಿದ್ರು. ಸೀದಾ ಜೈಲು. ಶಿಕ್ಷೆ ಆದ್ರೆ ಕನಿಷ್ಠ ಮೂರು ವರ್ಷಕ್ಕೂ ಮೇಲೆ ಪೆರೋಲ್ ಇಲ್ಲದೇ ಒಳಗಿರಬೇಕಾಗಿತ್ತು. ದೇಶವೆಲ್ಲಾ ಗಲಾಟೆ ಆದ ಮೇಲೆ 2014ರಲ್ಲಿ ಕೇಸು ಮೆತ್ತಗಾಯ್ತು, 2015ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟೀ ಕ್ಷಮಾದಾನ ಕೊಟ್ರು. ಆಕೆ ಅಮೆರಿಕದ ಪ್ರಜೆ, ಜೈಲಿನ ಭಯ ಬಿಟ್ರೆ ಇನ್ನೊಂದು ಭಯ ಇರಲಿಲ್ಲ. ನಮ್ಮ ಮಂಡ್ಯದವರಿಗೆ ಇನ್ನೊಂದಿದೆ: ಗನ್ ಸಂಬಂಧದ ಅಪರಾಧದಲ್ಲಿ ಶಿಕ್ಷೆ ಆದ್ರೆ ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಹೊರಗೆ ಹಾಕೋದಕ್ಕೆ ವಲಸೆ ಕಾನೂನಿನಲ್ಲಿ ಅವಕಾಶ ಇದೆ. ಹನ್ನೊಂದು ವರ್ಷದ ಬದುಕು, ಮಗುವಿನ ಸ್ಕೂಲು, ಮನೆ ಸಾಲ, ಎಲ್ಲಾ ಒಂದು ಗ್ಲವ್ ಬಾಕ್ಸಿನೊಳಗೆ.

ಹಾಗಂತ ದಾರಿಯೇ ಇಲ್ಲ ಅಂತಲ್ಲ. 1986ರಲ್ಲಿ ಬಂದ ಫೆಡರಲ್ ಕಾನೂನೊಂದಿದೆ. ಹೊರಡೋ ಜಾಗದಲ್ಲೂ ತಲುಪೋ ಜಾಗದಲ್ಲೂ ನಿಮ್ಮದು ಕಾನೂನುಬದ್ಧ ಆಗಿದ್ರೆ, ಗುಂಡು ತೆಗೆದು, ಗನ್ನೂ ಗುಂಡೂ ಕೈಗೆ ಸಿಗದ ಹಾಗೆ ಇಟ್ರೆ, ನಡುವಿನ ರಾಜ್ಯಗಳನ್ನ ದಾಟಬಹುದು. ಡಿಕ್ಕಿ ಇಲ್ಲದ ವ್ಯಾನು, ಎಸ್‌ಯುವಿ ಆದ್ರೆ ಬೀಗ ಹಾಕಿದ ಡಬ್ಬ ಆಗಬೇಕು, ಗ್ಲವ್ ಬಾಕ್ಸ್, ಕನ್ಸೋಲ್ ನಡೆಯೋಲ್ಲ. ಇದನ್ನ ಹೇಳಿದಾಗ ಅವರು ಕೇಳಿದ್ದು ನ್ಯಾಯವಾದ ಪ್ರಶ್ನೇನೇ: 'ಬೀಗ ಹಾಕಿ ಡಿಕ್ಕೀಲಿಟ್ರೆ ಸೇಫ್ಟಿಗೆ ಹೇಗೆ ಬರುತ್ತೆ ಸಾರ್?' ಬರೋದಿಲ್ಲ! ಆ ಕಾನೂನು ಇರೋದು ಗನ್ ಸಾಗಿಸೋದಕ್ಕೆ, ಹಿಡ್ಕೊಂಡು ಓಡಾಡೋದಕ್ಕಲ್ಲ. ಅವರು ಅದನ್ನ ಡಲ್ಲಾಸ್‌ನ ಅಂಗಡಿಯವನಿಗೇ ಮಾರಿ ಬಂದ್ರು. ಕೊಟ್ಟಿದ್ದರ ಅರ್ಧ ಬೆಲೆ ಸಿಕ್ತಂತೆ.

ನನ್ನ ಅಭಿಪ್ರಾಯ ಕೇಳಿದ್ರೆ ಕಾರು ಮನೆ ಅಲ್ಲ, ಬೀದಿ. ಎದುರು ವಾದ ನನಗೆ ಗೊತ್ತಿಲ್ಲ ಅಂತಲ್ಲ. ವೆಸ್ಟ್ ಟೆಕ್ಸಸ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ನರ್ಸ್ ಕೆಲಸ ಮುಗಿಸಿ ಒಬ್ಬಳೇ ಬರೋ ಹೆಂಗಸಿಗೆ ಟೈರ್ ಪಂಕ್ಚರ್ ಆದ್ರೆ ಶೆರಿಫ್ ಬರೋಕೆ ಮುಕ್ಕಾಲು ಗಂಟೆ ಬೇಕಾಗಬಹುದು, ಫೋನಿಗೆ ಸಿಗ್ನಲ್ಲೂ ಇರೋದಿಲ್ಲ. ಮೋಟೆಲ್, ಗ್ಯಾಸ್ ಸ್ಟೇಷನ್ ನಡೆಸೋ ನಮ್ಮ ದೇಶದವರು ದಿನದ ದುಡ್ಡು ತಗೊಂಡು ಮನೆಗೆ ಹೋಗೋವಾಗ ಎದೆ ಡವಡವ ಅನ್ನೋದು ಸುಳ್ಳಲ್ಲ. ಅವರಿಗೆ ಟ್ರೈನಿಂಗ್ ಕೊಟ್ಟು, ಹಿನ್ನೆಲೆ ನೋಡಿ, ಪರ್ಮಿಟ್ ಕೊಡಲಿ, ನನ್ನದೇನೂ ತಕರಾರಿಲ್ಲ. ಸುಪ್ರೀಂ ಕೋರ್ಟ್ ಕೂಡ 2022ರ ಬ್ರೂಯೆನ್ ತೀರ್ಪಿನಲ್ಲಿ ಮನೆಯ ಹೊರಗೂ ಆತ್ಮರಕ್ಷಣೆಗೆ ಹ್ಯಾಂಡ್‌ಗನ್ ಇಟ್ಕೊಳ್ಳೋದು ಹಕ್ಕು ಅಂದಿದೆ, ಆದ್ರೆ ಪರ್ಮಿಟ್ ಕೇಳೋದೇ ತಪ್ಪು ಅಂದಿಲ್ಲ. ನನ್ನ ತಕರಾರು ಇರೋದು ಯಾವ ಪರ್ಮಿಟ್ಟೂ ಇಲ್ಲದೇ ಕಾರನ್ನ ಮನೆಯ ಬೀರು ಅಂದ್ಕೊಂಡು ಅದರಲ್ಲಿ ತುಂಬಿದ ಗನ್ ಬಿಟ್ಟಿರೋದರ ಬಗ್ಗೆ.

ಯಾಕಂದ್ರೆ ಮನೆಯನ್ನ ಯಾರೂ ವಾಲ್‌ಮಾರ್ಟ್ ಪಾರ್ಕಿಂಗ್ ಲಾಟಲ್ಲಿ ಮೂರು ಗಂಟೆ ಬಿಟ್ಟು ಹೋಗೋಲ್ಲ. ಕಾರಿನ ಕಿಟಕಿ ಒಡೆಯೋದಕ್ಕೆ ಒಂದು ಕಲ್ಲು ಸಾಕು. ಈ ದೇಶದಲ್ಲಿ ಕಳುವಾಗೋ ಗನ್‌ಗಳಲ್ಲಿ ದೊಡ್ಡ ಪಾಲು ಹೋಗೋದು ಕಾರುಗಳಿಂದಲೇ. 2015ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪಿಯರ್‌ನಲ್ಲಿ ಅಪ್ಪನ ಜೊತೆ ನಡೀತಿದ್ದ ಯುವತಿ ಗುಂಡಿಗೆ ಸತ್ತಳಲ್ಲ, ಅದನ್ನ ಇಟ್ಕೊಂಡು ಟ್ರಂಪ್ ಆದಿಯಾಗಿ ಎಲ್ಲರೂ ವಲಸೆ ಬಗ್ಗೆ ವರ್ಷಗಟ್ಟಲೆ ಭಾಷಣ ಮಾಡಿದ್ರು. ಆ ಪಿಸ್ತೂಲು ಎಲ್ಲಿಂದ ಬಂತು? ಫೆಡರಲ್ ಸರ್ಕಾರದ ಒಬ್ಬ ರೇಂಜರ್ ನಿಲ್ಲಿಸಿ ಹೋಗಿದ್ದ ಕಾರಿಂದ ನಾಲ್ಕು ದಿನ ಮುಂಚೆ ಕಳುವಾಗಿದ್ದು. ತರಬೇತಿ ಆದ ಅಧಿಕಾರಿಯ ಕಾರೇ ಹೀಗಾದ್ರೆ ಬೇರೆಯವರ ಪಾಡೇನು? ಆದ್ರೆ ಆ ಭಾಗದ ಬಗ್ಗೆ ಭಾಷಣ ಮಾಡಿದವರು ಕಡಿಮೆ.

ಮತ್ತೆ ಮನೆಗೆ ಬ್ರೇಕ್ ಇರೋದಿಲ್ಲ. 2016ರ ಏಪ್ರಿಲ್‌ನಲ್ಲಿ ಮಿಲ್ವಾಕೀಯಲ್ಲಿ ಒಬ್ಬ ತಾಯಿ ಕಾರು ಓಡಿಸ್ತಿದ್ದಾಗ ಸೀಟಿನ ಕೆಳಗಿದ್ದ ಗನ್ ಹಿಂದಕ್ಕೆ ಜಾರ್ತು. ಹಿಂದೆ ಕೂತಿದ್ದ ಎರಡು ವರ್ಷದ ಮಗ ಎತ್ಕೊಂಡ. ಗುಂಡು ಸೀಟನ್ನ ತೂರ್ಕೊಂಡು ಬಂತು. ಗನ್ ಆಕೆಯದೂ ಅಲ್ಲ, ಕಾರೂ ಆಕೆಯದಲ್ಲ, ಸೆಕ್ಯುರಿಟಿ ಗಾರ್ಡ್ ಆಗಿದ್ದ ಸ್ನೇಹಿತನದು. ಸೀಟಿನ ಕೆಳಗೆ ಏನಿದೆ ಅಂತ ಬಗ್ಗಿ ನೋಡಿ ಕಾರು ಹತ್ತೋರು ಯಾರಿದಾರೆ ಹೇಳಿ. ನಮ್ಮ ಕಾರಿನ ಸೀಟಿನ ಕೆಳಗಂತೂ ಚೀರಿಯೋಸ್, ಹಳೇ ಪಾರ್ಕಿಂಗ್ ಚೀಟಿ, ಮಗಳ ಒಂಟಿ ಸಾಕ್ಸು.

'ಮಕ್ಕಳಿಲ್ಲ, ಬೀಗ ಹಾಕಿರ್ತೀನಿ, ಪರ್ಮಿಟ್ಟೂ ಇದೆ, ಪೋಲೀಸ್ ಬಂದ್ರೆ ನಯವಾಗಿ ಹೇಳ್ತೀನಿ' ಅನ್ನೋರಿದಾರೆ. ಫಿಲಾಂಡೊ ಕ್ಯಾಸ್ಟೀಲ್ ಕೂಡ ನಯವಾಗೇ ಹೇಳಿದ್ದ. 2016ರ ಜುಲೈ 6, ಮಿನೆಸೋಟಾ. ಸ್ಕೂಲಿನ ಕ್ಯಾಂಟೀನಲ್ಲಿ ಕೆಲಸ, 32 ವರ್ಷ, ಗನ್ನಿಗೆ ಪರ್ಮಿಟ್ ಇತ್ತು. ಕಾರಿನ ಹಿಂದಿನ ಲೈಟ್ ಸರಿ ಇಲ್ಲ ಅಂತ ಪೋಲೀಸ್ ನಿಲ್ಲಿಸಿದಾಗ, ನನ್ನ ಹತ್ರ ಗನ್ ಇದೆ ಸಾರ್ ಅಂತ ತಾನೇ ಹೇಳ್ದ. ಕೆಲವೇ ಸೆಕೆಂಡುಗಳಲ್ಲಿ ಏಳು ಗುಂಡು ಹಾರಿತು. ಪಕ್ಕದಲ್ಲಿ ಗೆಳತಿ, ಹಿಂದಿನ ಸೀಟಲ್ಲಿ ಆಕೆಯ ನಾಲ್ಕು ವರ್ಷದ ಮಗು. ಮರುವರ್ಷ ಆ ಪೋಲೀಸ್ ಖುಲಾಸೆ ಆದ. ಕಾನೂನು ಕ್ಯಾಸ್ಟೀಲ್ ಪರವಾಗೇ ಇತ್ತು, ಆದ್ರೆ ರಾತ್ರಿ ಹೊತ್ತು ಕಿಟಕಿ ಹತ್ರ ನಿಂತು ಟಾರ್ಚ್ ಬಿಡೋನಿಗೆ ಮೊದಲು ಕಾಣೋದು ಬಣ್ಣ, ಪರ್ಮಿಟ್ ಅಲ್ಲ. ನಮ್ಮ ಬಣ್ಣ ಏನು ಅಂತ ನಾವು ಕನ್ನಡಿ ನೋಡ್ಕೊಂಡ್ರೆ ಸಾಕು.

ಈ ಪರ್ಮಿಟ್ ಬೇಡ ಅನ್ನೋ ರಾಜ್ಯಗಳಲ್ಲಿ ಇನ್ನೊಂದು ಗುಂಡಿ ಇದೆ, ಬಹಳ ಜನಕ್ಕೆ ಕಾಣೋದೇ ಇಲ್ಲ. ಸ್ಕೂಲಿನ ಆವರಣದಿಂದ 1,000 ಅಡಿ ಒಳಗೆ ಗನ್ ಇಟ್ಕೊಳ್ಳೋದನ್ನ ಫೆಡರಲ್ ಕಾನೂನು ತಡೆಯುತ್ತೆ. ಆ ರಾಜ್ಯದ ಲೈಸೆನ್ಸ್ ಇದ್ದವರಿಗೆ ವಿನಾಯಿತಿ, ಗುಂಡು ತೆಗೆದು ಡಬ್ಬಕ್ಕೆ ಬೀಗ ಹಾಕಿದವರಿಗೂ ವಿನಾಯಿತಿ. ಅಂದ್ರೆ ಲೈಸೆನ್ಸೇ ಬೇಡ ಅಂತ ರಾಜ್ಯ ಹೇಳ್ತು ಅಂತ ಲೈಸೆನ್ಸ್ ಮಾಡಿಸದೇ, ತುಂಬಿದ ಗನ್ ಕನ್ಸೋಲ್‌ನಲ್ಲಿಟ್ಕೊಂಡು ಮಗುವನ್ನ ಸ್ಕೂಲಿಗೆ ಬಿಡೋಕೆ ಹೋದ ಅಪ್ಪ ರಾಜ್ಯದ ಲೆಕ್ಕದಲ್ಲಿ ಸಂಭಾವಿತ, ದೇಶದ ಲೆಕ್ಕದಲ್ಲಿ ಅಪರಾಧಿ. ಊರೊಳಗೆ ಒಂದು ಸ್ಕೂಲಿನಿಂದ 1,000 ಅಡಿ ದೂರ ಇಟ್ಕೊಂಡು ಕಾರು ಓಡಿಸಿ ನೋಡೋಣ!

ನಮ್ಮವರಿಗೆ ಇದೆಲ್ಲಾ ತಿಳಿಯದೇ ಇರೋದಕ್ಕೆ ಕಾರಣಾನೂ ಇದೆ. ಕೊಡಗಿನವರನ್ನ ಬಿಟ್ರೆ (ಅವರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನ ನಮ್ಮ ಹೈಕೋರ್ಟ್ 2021ರಲ್ಲಿ ಎತ್ತಿ ಹಿಡೀತು) ಕರ್ನಾಟಕದಲ್ಲಿ ಕೋವಿ ಅನ್ನೋದು ಸಾಮಾನ್ಯನ ಮನೆಯ ವಸ್ತು ಅಲ್ಲ. ಲೈಸೆನ್ಸ್ ಇರೋ ತೋಟದ ಸಾಹುಕಾರರೂ ಎಲೆಕ್ಷನ್ ಬಂದ್ರೆ ಸ್ಟೇಷನ್ನಿಗೆ ಹೋಗಿ ಡಿಪಾಸಿಟ್ ಮಾಡಿ ಬರಬೇಕು. ಅಲ್ಲಿಂದ ಬಂದು ಇಲ್ಲಿ ಬೇಟೆ ಸಾಮಾನಿನ ಅಂಗಡೀಲಿ ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಇಟ್ಟಿರೋದನ್ನ ನೋಡಿದಾಗ, ಅಂಗಡೀಲಿ ಸಿಗೋ ವಸ್ತು ಅಂದಮೇಲೆ ಕಾರಲ್ಲಿಟ್ರೆ ಏನು ಅನ್ಸೋದು ಸಹಜ. ಅದಕ್ಕಿಂತ ಮುಖ್ಯವಾಗಿ, ಎಚ್-1ಬಿ, ಎಫ್-1, ವಿಸಿಟರ್ ವೀಸಾದಲ್ಲಿ ಬಂದವರು ಗನ್ ಆಗಲಿ ಗುಂಡಾಗಲಿ ಇಟ್ಕೊಳ್ಳೋದೇ ಫೆಡರಲ್ ಅಪರಾಧ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. 2022ರಿಂದ ಅದಕ್ಕೆ ಹದಿನೈದು ವರ್ಷದವರೆಗೂ ಶಿಕ್ಷೆ. ಕೆಲವು ವಿನಾಯಿತಿಗಳಲ್ಲಿ ಬೇಟೆ ಲೈಸೆನ್ಸ್ ಒಂದು, ಅದಕ್ಕೇ ಮೊಟ್ಟೆ ಕೂಡ ಮುಟ್ಟದ ನಮ್ಮ ಹುಡುಗರು ಜಿಂಕೆ ಬೇಟೆ ಲೈಸೆನ್ಸ್ ಜೇಬಲ್ಲಿಟ್ಕೊಂಡಿರೋದು :-)

ಇಟ್ಕೊಳ್ಳೋದು ಅಂದ್ರೆ ಸೊಂಟದಲ್ಲೇ ಇರಬೇಕು ಅಂತಿಲ್ಲ, ಅದೇ ಇದರಲ್ಲಿರೋ ಅಪಾಯ. ಪಿಟ್ಸ್‌ಬರ್ಗ್‌ನಲ್ಲಿರೋ ಮಗ ಅಮೆರಿಕದ ಪ್ರಜೆ ಆಗಿದಾನೆ, ಪೆನ್ಸಿಲ್ವೇನಿಯಾದ ಲೈಸೆನ್ಸ್ ಇದೆ, ಗ್ಲವ್ ಬಾಕ್ಸಲ್ಲಿ ಗನ್ ಇದೆ ಅಂತಿಟ್ಕೊಳ್ಳಿ. ಊರಿಂದ ಆರು ತಿಂಗಳಿಗೆ ಅಪ್ಪ ಅಮ್ಮ ಬಂದಿದಾರೆ. ಬಂದಮೇಲೆ ನಯಾಗರ ತೋರಿಸದೇ ಕಳಿಸೋದು ಹೇಗೆ? ಪುಳಿಯೋಗರೆ, ಮೊಸರನ್ನ ಕಟ್ಕೊಂಡು ಶನಿವಾರ ಬೆಳಿಗ್ಗೆ ಹೊರಡ್ತಾರೆ. ನ್ಯೂಯಾರ್ಕ್ ಗಡಿ ದಾಟಿದ ತಕ್ಷಣ ಆ ಪೆನ್ಸಿಲ್ವೇನಿಯಾ ಲೈಸೆನ್ಸಿಗೆ ಬೆಲೆ ಇಲ್ಲ. ನ್ಯೂಯಾರ್ಕ್‌ನ ಕಾನೂನು ಅಲ್ಲಿಗೇ ನಿಲ್ಲೋದೂ ಇಲ್ಲ. ಕಾರಲ್ಲಿ ಹ್ಯಾಂಡ್‌ಗನ್ ಸಿಕ್ಕಿದ್ರೆ, ಅದು ಒಬ್ಬರ ಮೈಮೇಲೇ ಇತ್ತು ಅನ್ನೋ ತರದ ಕೆಲವು ಸಂದರ್ಭ ಬಿಟ್ಟು, ಕಾರಲ್ಲಿ ಕೂತಿರೋ ಎಲ್ಲರ ವಶದಲ್ಲೂ ಅದಿತ್ತು ಅಂತ ಭಾವಿಸಬಹುದು. ಅಲ್ಲ ಅಂತ ಕೋರ್ಟಲ್ಲಿ ವಾದ ಮಾಡಬಹುದು, ಆದ್ರೆ ಅದು ಅರೆಸ್ಟ್ ಆದ ಮೇಲಿನ ಮಾತು. ಸುಪ್ರೀಂ ಕೋರ್ಟ್ 1979ರಲ್ಲೇ ಈ ನಿಯಮಕ್ಕೆ ಒಪ್ಪಿಗೆ ಕೊಟ್ಟಿದೆ.

ಹಿಂದಿನ ಸೀಟಲ್ಲಿ ಮಂಡಿನೋವಿಗೆ ಕಾಲು ನೀಡ್ಕೊಂಡು ಕೂತಿರೋ ಅಮ್ಮ ವಿಸಿಟರ್ ವೀಸಾದಲ್ಲಿ ಬಂದೋರು. ಗ್ಲವ್ ಬಾಕ್ಸ್ ಅಂದ್ರೆ ಏನು ಅಂತಲೂ ಅವರಿಗೆ ಗೊತ್ತಿಲ್ಲ. ಮಗ ಅವರಿಗೆ ಹೇಳೂ ಇಲ್ಲ, ಹೇಳಿದ್ರೆ ಗಾಬರಿ ಆಗ್ತಾರೆ ಅಂತ.